ಹದಿನೆಂಟು ವರ್ಷಗಳ ನಮಾಜು

ಮಾರ್ಚ್ 9, 1857, ಶನಿವಾರ

ಅರಬ್ಬಿ ಬರೆದ ರೂಢಿಯಿಂದ ಈ ಪುಸ್ತಕವನ್ನು ಬಲಗಡೆಯಿಂದ ಶುರುಮಾಡಿಬಿಟ್ಟಿದ್ದೆ. ಮೂರು ಸಾಲು ಬರೆದ ಮೇಲೆ ನೆನಪಾಯಿತು, ಬರೆಯುತ್ತಿರುವುದು ನಮ್ಮ ಗ್ರೀಕ್ ಅಕ್ಷರ, ಅದು ಎಡದಿಂದ ಹೋಗಬೇಕು ಎಂದು. ಆ ಹಾಳೆಯನ್ನು ಹರಿದು ಒಲೆಗೆ ಹಾಕಿ ಮತ್ತೆ ಕೂತಿದ್ದೇನೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಹೊಸ ಚಟ.

ಇದಕ್ಕೆ ಕಾರಣ ಕಲಾಯಿಯವನು. ವರ್ಷಕ್ಕೆ ಮೂರು ಸಲ ಕತ್ತೆಯ ಮೇಲೆ ತಿದಿ, ಇದ್ದಿಲು ಹೇರಿಕೊಂಡು ನಮ್ಮ ಬೆಟ್ಟದೂರು ಖಾರ್ಸೆನಾಕ್ಕೆ ಹತ್ತಿ ಬರುತ್ತಾನೆ. ಊರಿನ ಒಂಬತ್ತು ಮನೆಗಳಿಗೆ ಅವನು ಬರೀ ಕಲಾಯಿ ತುರ್ಸುನ್. ಉಳಿದ ಮೂವತ್ತೊಂದು ಮನೆಗಳಿಗೆ ಪಾದ್ರಿ ಥೋಮಾ. ಅಂಗಳದಲ್ಲಿ ತಾಮ್ರದ ಪಾತ್ರೆಗೆ ತವರ ಬಳಿಯುತ್ತಾನೆ, ಆಮೇಲೆ ಯಾರದಾದರೂ ಕೊಟ್ಟಿಗೆಯ ಕೆಳಗಿನ ನೆಲಮಾಳಿಗೆಗೆ ಇಳಿದು ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸುತ್ತಾನೆ. ಕೈಯ ಮಸಿ ಪೂರ್ತಿ ಹೋಗಿರುವುದಿಲ್ಲ. ನಮ್ಮೂರ ಅರ್ಧ ಮಕ್ಕಳ ಹಣೆಗೆ ಪವಿತ್ರ ತೈಲದ ಜೊತೆ ಇದ್ದಿಲೂ ಹತ್ತಿದೆ.

ನಾವು ಮೂವತ್ತೊಂದು ಮನೆಯವರು ಹೊರಗೆ ಮುಸಲ್ಮಾನರು, ಒಳಗೆ ಕ್ರೈಸ್ತರು. ಮುತ್ತಜ್ಜನ ಕಾಲದಿಂದ ಹೀಗೆಯೇ. ಎಲ್ಲರಿಗೂ ಎರಡೆರಡು ಹೆಸರು. ನನ್ನ ಹೆಂಡತಿ ಬೀದಿಯಲ್ಲಿ ಸಲಿಹಾ, ಒಲೆಯ ಮುಂದೆ ಸಿಮೆಲಾ. ನನ್ನ ಪೇಚು ಒಂದು ಕೈ ಹೆಚ್ಚು. ಒಳಗೆ ಪಂತೆಲೀಸ್ ಆದ ನಾನು ಹೊರಗೆ ಯಾಕುಪ್ ಹೋಜಾ, ಈ ಊರ ಮಸೀದಿಯ ಇಮಾಮ. ನಮ್ಮವನೇ ಒಬ್ಬ ಮಸೀದಿಯಲ್ಲಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲವೆಂದು ಹಿರಿಯರು ನನ್ನನ್ನು ಓದಲು ಕಳಿಸಿದ್ದರು.

ಕಲಾಯಿಯವನು ಇವತ್ತು ನಮ್ಮ ದೊಡ್ಡ ಹಂಡೆಯೊಳಗೆ ತಲೆ ತೂರಿಸಿ ತಿಕ್ಕುತ್ತಲೇ ಹೇಳಿದ:

"ಹೋಜಾ, ನಿನ್ನ ಕೆಲಸಕ್ಕೆ ಕುತ್ತು ಬಂದಿದೆ ಕಣಪ್ಪಾ."

"ಯಾಕೆ, ಯಾರಾದ್ರೂ ಚಾಡಿ ಹೇಳಿದ್ರಾ?"

"ಸುಲ್ತಾನರೇ ಹೇಳಿದಾರೆ. ಹೋದ ವರ್ಷ ಬಂತಲ್ಲ ಫರ್ಮಾನು, ಅದು ಹುಡುಗಾಟ ಅಲ್ವಂತೆ. ಯಾರು ಯಾವ ಧರ್ಮದವರೋ ಬಾಯಿಬಿಟ್ಟು ಹೇಳಬಹುದು, ತಲೆ ತೆಗೆಯಲ್ಲ. ಈ ಕಣಿವೆಯ ಎಲ್ಲ ಊರಿಂದ ನಮ್ಮೋರು ತ್ರಾಬ್ಜೋನ್ ಪಟ್ಟಣಕ್ಕೆ ಹೋಗಿ ಕ್ರೈಸ್ತರು ಅಂತ ಹೆಸರು ಬರೆಸ್ತಾರೆ. ಬೇಸಿಗೆಗೆ ಮುಂಚೆ."

"ಕಾಗದ ಇರೋದು ತ್ರಾಬ್ಜೋನಿನಲ್ಲಿ. ಕತ್ತಿ ಇರೋದು ಇಲ್ಲಿ."

"ಅದಕ್ಕೇ ಹೇಳಿದ್ದು, ಯೋಚನೆ ಮಾಡು ಅಂತ. ನಿನ್ನ ಹಂಡೆ ತೂತು ಬಿದ್ದಿದೆ, ಅದನ್ನೂ ಯೋಚನೆ ಮಾಡು."

ಯೋಚನೆ ಮಾಡುವುದೇನಿದೆ? ನನ್ನ ಅಜ್ಜ, ಅಪ್ಪ ಕಾದದ್ದು ಈ ದಿನಕ್ಕೇ. ಸಂತೋಷವಾಗಬೇಕು.

ಈ ಪುಸ್ತಕವನ್ನು ಮಸೀದಿಯ ಕಪಾಟಿನಲ್ಲಿ ಹಳೆಯ ಹಾಳೆಗಳ ಕೆಳಗೆ ಇಡುತ್ತೇನೆ. ಅಲ್ಲಿ ಯಾರೂ ಹುಡುಕುವುದಿಲ್ಲ.

ಮಾರ್ಚ್ 16, ಶನಿವಾರ

ನಿನ್ನೆಯ ಶುಕ್ರವಾರದ ವೇಷ ಸಾಂಗವಾಗಿ ನಡೆಯಿತು. ಬಿಳಿ ರುಮಾಲು ಸುತ್ತಿ ಮುಂದೆ ನಿಂತೆ. ಹಿಂದೆ ನಮ್ಮವರೂ ಇದ್ದರು, ಅವರೂ ಇದ್ದರು. ಬೆನ್ನು ಕೊಟ್ಟು ನಿಂತವನಿಗೆ ಯಾರು ಯಾರೆಂದು ತಿಳಿಯುವುದಿಲ್ಲ. ಮಂಡಿ ಊರುವ ಸದ್ದು ಎಲ್ಲರದೂ ಒಂದೇ. ಎಲ್ಲ ಮುಗಿದ ಮೇಲೆ ಎಂದಿನಂತೆ ಮನಸ್ಸಿನಲ್ಲೇ "ಪ್ರಭುವೇ ಕರುಣಿಸು" ಎಂದು ಮೂರು ಸಲ ಹೇಳಿಕೊಂಡು ಸರಿಮಾಡಿಕೊಂಡೆ.

ಹೊರಗೆ ಗಿರಣಿಯ ಇದ್ರಿಸ್ ಚಪ್ಪಲಿ ಮೆಟ್ಟುತ್ತ ಕಾಯುತ್ತಿದ್ದ. ಇವನು ಒಂಬತ್ತು ಮನೆಯವನು, ನಿಜದ ಮುಸಲ್ಮಾನ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹೊಳೆಯಲ್ಲಿ ಮೀನು ಹಿಡಿದವರು.

"ಹೋಜಾ, ನಿನ್ನ ಮಸೀದಿ ಸೋರ್ತಿದೆ. ಹಣೆ ಊರಿದ್ರೆ ಕೆಸರು."

"ದೇವರು ನಿನ್ನ ಹಣೆ ತೊಳೀತಿದಾನೆ ಬಿಡೋ."

"ಮೊದಲು ನಿನ್ನ ನಾಲಿಗೆ ತೊಳೀಲಿ. ನಾಳೆ ಏಣಿ ತರ್ತೀನಿ."

ಇವತ್ತು ಇಬ್ಬರೂ ಮೇಲೆ ಹತ್ತಿ ಮಾಡಿನ ಹಲಗೆ ಬದಲಾಯಿಸಿದೆವು. ನಾನು ಆರಿಸಿ ಆರಿಸಿ ದಪ್ಪನೆಯ ಹಲಗೆಗಳನ್ನೇ ಹೊಡೆದೆ. ಇಪ್ಪತ್ತು ವರ್ಷ ಬರುತ್ತವೆ. ಕೆಳಗಿಳಿದ ಮೇಲೆ ಹೊಳೆಯಿತು: ಇನ್ನು ಮೂರು ತಿಂಗಳಿಗೆ ಈ ಮಸೀದಿಗೂ ನನಗೂ ಏನು ಸಂಬಂಧ? ತೆಳ್ಳನೆಯವೇ ಸಾಕಾಗಿತ್ತು.

ಮಾರ್ಚ್ 25, ಸೋಮವಾರ

ಇವತ್ತು ಮೇರಿ ಮಾತೆಗೆ ದೇವದೂತ ಸುದ್ದಿ ತಂದ ದಿನ. ಉಪವಾಸದ ನಡುವೆಯೂ ಮೀನು ತಿನ್ನಬಹುದು. ಸಿಮೆಲಾ ಒಣಮೀನು ಹುರಿದು ನನ್ನ ತಟ್ಟೆಗೆ ಬಡಿಸಿ ತಾನು ತಿನ್ನದೆ ಕೂತಳು.

"ಹೆಸರು ಬರೆಸೋಕೆ ಹೋಗ್ತೀರಲ್ಲ, ಲಾಂಬೋದೂ ಬರೆಸಿ" ಎಂದಳು.

ನಮ್ಮ ಮಗ ಲಾಂಬೋ ಹೋಗಿ ಆರು ವರ್ಷವಾಯಿತು. ಹೋದಾಗ ಅವನಿಗೂ ಆರು ವರ್ಷ. ಗಂಟಲು ಬೇನೆ. ಊರ ಮುಸಲ್ಮಾನರ ಮಣ್ಣಿನಲ್ಲಿದ್ದಾನೆ, ಕಲ್ಲಿನ ಮೇಲೆ ಲುತ್ಫಿ ಎಂದಿದೆ. ಕೆತ್ತಿಸಿದವನು ನಾನೇ.

"ಸತ್ತವರ ಹೆಸರು ಯಾರು ಬರ್ಕೋತಾರೆ?"

"ಬರ್ಕೊಳ್ಳೋ ಹಾಗೆ ಹೇಳಿ. ನನ್ನ ಮಗ ಸಾಯೋವಾಗ ಒಂಬತ್ತು ಮನೆ ಹೆಂಗಸರು ಸುತ್ತ ಕೂತಿದ್ರು. ಲುತ್ಫೀ ಲುತ್ಫೀ ಅಂತ ಬಾಯಿ ಬಡ್ಕೊಂಡೆ. ಅದು ಯಾರು ಲುತ್ಫಿ? ಮಗೂಗೆ ಆ ಹೆಸರು ಸರಿಯಾಗಿ ಅಭ್ಯಾಸ ಕೂಡ ಆಗಿರಲಿಲ್ಲ. ಅಮ್ಮ ಬೇರೆ ಯಾರನ್ನೋ ಕರೀತಿದಾಳೆ ಅನ್ಕೊಂಡೇ ಹೋಗಿರ್ತಾನೆ."

ಆರು ವರ್ಷ ಇದನ್ನು ಇವಳು ನನಗೆ ಹೇಳಿರಲಿಲ್ಲ. ತಟ್ಟೆಯನ್ನು ಅವಳ ಕಡೆ ಸರಿಸಿದೆ. ಬರೆಸುತ್ತೇನೆ ಎಂದು ಮಾತು ಕೊಟ್ಟೆ.

ಏಪ್ರಿಲ್ 8, ಸೋಮವಾರ

ನಿನ್ನೆ ಈಸ್ಟರ್. ಈರುಳ್ಳಿ ಸಿಪ್ಪೆಯಲ್ಲಿ ಕೆಂಪಗೆ ಬೇಯಿಸಿದ ಮೊಟ್ಟೆಗಳನ್ನು ಬಾಗಿಲು ಹಾಕಿಕೊಂಡು ತಿಂದೆವು. ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಬೂದಿಯಲ್ಲಿ ಬೆರೆಸಿದೆವು. ಇದೇ ಕೊನೆಯ ಬಾರಿ, ಮುಂದಿನ ವರ್ಷ ಅಂಗಳದಲ್ಲೇ ಒಡೆಯುತ್ತೇನೆ ಎಂದಳು ಸಿಮೆಲಾ. ಇಷ್ಟು ನಗು ಇವಳ ಮುಖದಲ್ಲಿ ನೋಡಿ ಎಷ್ಟು ಕಾಲವಾಗಿತ್ತು.

ಏಪ್ರಿಲ್ 15, ಸೋಮವಾರ

ನಲವತ್ತೆಂಟು ದಿನದ ಒಂದು ಉಪವಾಸ ಮುಗಿದು ಆರು ದಿನ ಬೆಣ್ಣೆ ತಿಂದೆವೋ ಇಲ್ಲವೋ, ಶನಿವಾರ ರಂಜಾನ್ ಶುರು. ಎರಡು ದೇವರ ಮನೆಯ ಆಳು ಎರಡೂ ಕಡೆ ಹಸಿದಿರುತ್ತಾನೆ ಎಂದು ನನ್ನಪ್ಪ ನಗುತ್ತಿದ್ದ.

ನಮ್ಮ ಮನೆಗಳಲ್ಲಿ ರಂಜಾನಿನ ಮಧ್ಯಾಹ್ನ ಕಿಟಕಿ ಮುಚ್ಚಿ ಸಾರು ಕುದಿಯುತ್ತದೆ, ಇದು ಹಳೆಯ ಪದ್ಧತಿ. ಇವತ್ತೂ ಸಿಮೆಲಾ ಜೋಳದ ರೊಟ್ಟಿ ಮುರಿದು ಮುಂದಿಟ್ಟಳು. ತಿನ್ನಲಾಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ. ನಿನ್ನೆಯೂ ಹಾಗೇ ಆಗಿತ್ತು. ಸೂರ್ಯ ಮುಳುಗಿದ ಮೇಲೆ ಮಾತ್ರ ಹೊಟ್ಟೆ ಸರಿಯಾಗಿ ಎರಡು ಬಟ್ಟಲು ಸಾರು ಕುಡಿದೆ. ಏನು ಕಾಯಿಲೆಯೋ ತಿಳಿಯದು. ಪುದೀನ ಕುದಿಸಿ ಕುಡಿಯಬೇಕು.

ಏಪ್ರಿಲ್ 26, ಶುಕ್ರವಾರ

ಕಲಾಯಿಯವನು ಮತ್ತೆ ಬಂದಿದ್ದಾನೆ. ನಮ್ಮ ಹಿರಿಯರು ನಾಲ್ಕು ಜನ ಪಾತ್ರೆ ಹಿಡಿದುಕೊಂಡು ಬಂದವರಂತೆ ಬಂದು ಅವನ ಸುತ್ತ ಕೂತರು. ಮೇ ಇಪ್ಪತ್ತಕ್ಕೆ ಹೊರಡುವುದೆಂದು ತೀರ್ಮಾನವಾಯಿತು. ಮನೆಗೊಬ್ಬ ಗಂಡಸು. ಅಲ್ಲಿಯವರೆಗೆ ಒಂಬತ್ತು ಮನೆಗಳಿಗೆ ಸುಳಿವು ಹತ್ತಬಾರದು.

"ಬರೆಸಿ ಬಂದ ಮೇಲೆ ಹೇಗೂ ಗೊತ್ತಾಗತ್ತಲ್ಲ. ಮೊದಲೇ ಹೇಳಿದ್ರೆ ಒಳ್ಳೇದಲ್ವಾ?" ಎಂದೆ.

"ಯಾರಿಗೆ?"

"ಇದ್ರಿಸನಿಗಾದ್ರೂ. ಅವರಪ್ಪನ ಜನಾಜಾ ನಮಾಜು ಮಾಡಿಸಿದ್ದು ನಾನು."

ಥೋಮಾ ತಿದಿ ಒತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ಮಗಾ, ವೇಷ ಹಾಕಿದೋನು ಚೌಕಿಗೆ ಹೋಗಿ ಬಣ್ಣ ತೊಳ್ಕೋಬೇಕು. ನೋಡೋಕೆ ಬಂದೋರ ಹತ್ರ ಕ್ಷಮೆ ಕೇಳ್ತಾ ಕೂರಬಾರದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಯಾಕೆ ಬಂತೋ ಅರ್ಥವಾಗುತ್ತಿಲ್ಲ.

ಇದ್ರಿಸನ ಅಪ್ಪ, ಮುದುಕ ಹಮ್ಜಾ, ನಾಲ್ಕು ವರ್ಷದ ಹಿಂದೆ ಸತ್ತ. ನಾನು ಎಂಟು ವರ್ಷದವನಿದ್ದಾಗ ಹಿಮ ಕುಸಿದು ದಾರಿ ಮುಚ್ಚಿದ ದಿನ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಮನೆ ಮುಟ್ಟಿಸಿದವನು ಅವನು. ಅವನ ಹೆಣದ ಮುಂದೆ ನಿಂತು ಮಾಡಿಸಿದ ಆ ಜನಾಜಾ ನಮಾಜೂ ವೇಷವೇ ಆಗಿರಬೇಕು. ಆಗಿರಲೇಬೇಕು. ಬೇರೆ ಇನ್ನೇನಿರಲು ಸಾಧ್ಯ?

ಮೇ 2, ಗುರುವಾರ

ಹೇಳಿಬಿಟ್ಟೆ.

ಗಿರಣಿಯಲ್ಲಿ ಇದ್ರಿಸ್ ಒಬ್ಬನೇ ಇದ್ದ. ನೀರು ನಿಲ್ಲಿಸಿ, ಬೀಸುವ ಕಲ್ಲನ್ನು ಮಗುಚಿ ಉಳಿಯಿಂದ ಕಚ್ಚು ಹೊಡೆಯುತ್ತಿದ್ದ.

"ಏನ್ ಹೋಜಾ, ಹಸಿವು ತಡೀಲಾರ್ದೆ ಹಿಟ್ಟಿನ ವಾಸನೆ ಕುಡಿಯೋಕೆ ಬಂದ್ಯಾ?"

"ಇದ್ರಿಸ್, ನಾನು ಕ್ರೈಸ್ತ."

"ಹೌದಾ, ನಾನು ಬಸುರಿ" ಎಂದು ಉಳಿಗೆ ಒಂದು ಏಟು ಹಾಕಿದ.

"ನನ್ನ ಹೆಸರು ಪಂತೆಲೀಸ್. ಸಲಿಹಾ ಹೆಸರು ಸಿಮೆಲಾ. ಲುತ್ಫಿ ಹೆಸರು ಲಾಂಬೋ."

ಇನ್ನೊಂದು ಏಟು ಹಾಕಿದ. ಮೂರನೆಯದಕ್ಕೆ ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಮಗುವಿನ ಹೆಸರಿನಲ್ಲಿ ನಾನು ಹುಡುಗಾಟ ಆಡುವವನಲ್ಲವೆಂದು ಅವನಿಗೆ ಗೊತ್ತು.

"ಯಾವಾಗಿಂದ?"

"ಹುಟ್ಟಿದಾಗಿನಿಂದ. ಅಪ್ಪನೂ, ಅಜ್ಜನೂ."

"ಹದಿನೆಂಟು ವರ್ಷ ನಿನ್ನ ಬೆನ್ನ ಹಿಂದೆ ನಿಂತು ನಮಾಜು ಮಾಡಿದೀನಿ."

"ಹೌದು."

"ಅವೆಲ್ಲ ಏನಾಯ್ತು?"

ಅವನು ಬೈಯುತ್ತಾನೆ, ಹೊಡೆಯುತ್ತಾನೆ, ಫೌಜುದಾರನಿಗೆ ಹೇಳುತ್ತೇನೆ ಎನ್ನುತ್ತಾನೆ ಎಂದೆಲ್ಲ ಎಣಿಸಿದ್ದೆ.

"ಒಂದಕ್ಷರ ತಪ್ಪು ಹೇಳಿಲ್ಲ ಇದ್ರಿಸ್. ಎಲ್ಲ ಮಾತೂ ಸರಿಯಾಗೇ ಹೇಳಿದೀನಿ."

"ಈ ಕಲ್ಲೂ ತಪ್ಪದೆ ತಿರುಗತ್ತೆ. ಇದಕ್ಕೇನು ನಂಬಿಕೆ ಇದೆಯಾ?" ಅವನ ದನಿ ಏರಲಿಲ್ಲ. "ಹೋಗಲಿ, ನಂದು ಬಿಡು. ನಮ್ಮಪ್ಪನ ಹೆಣದ ಮುಂದೆ ನಿಂತು ದೇವರು ದೊಡ್ಡವನು ಅಂತ ನಾಲ್ಕು ಸಲ ಅಂದ್ಯಲ್ಲ. ಒಳಗೊಳಗೆ ಯಾರನ್ನ ಕರೀತಿದ್ದೆ?"

ನಾನು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದೆ. ಆವತ್ತು ಗಾಳಿ ಜೋರಾಗಿತ್ತು. ಹೊದಿಕೆ ಹಾರಿಹೋಗದಂತೆ ಮೂಲೆಗಳ ಮೇಲೆ ಕಲ್ಲಿಟ್ಟಿದ್ದರು. ನಾನು ಅತ್ತಿದ್ದೆ. ಮೊದಲು ಏನು ಹೇಳಿದೆ, ಆಮೇಲೆ ಏನು ಹೇಳಿದೆ ಎಲ್ಲ ನೆನಪಿದೆ. ಯಾರನ್ನು ಕರೆದೆ ಎಂಬುದು ಮಾತ್ರ ನೆನಪಿಲ್ಲ. "ಪ್ರಭುವೇ ಕರುಣಿಸು" ಎಂದು ಕೊನೆಗೆ ಸರಿಮಾಡಿಕೊಂಡೆನೋ ಇಲ್ಲವೋ ಅದೂ ನೆನಪಿಲ್ಲ.

"ಗೊತ್ತಿಲ್ಲ" ಎಂದೆ.

ಇದ್ರಿಸ್ ಸುತ್ತಿಗೆ ಕೆಳಗಿಟ್ಟ. ಕಲ್ಲಿನ ಪುಡಿಯನ್ನು ಅಂಗೈಯಿಂದ ಮೆಲ್ಲಗೆ ಒರೆಸಿದ.

"ಹೊರಡಿ ಹೋಜಾ. ನನಗೆ ಕೆಲಸ ಇದೆ."

ಹೊರಡಿ ಎಂದ. ಹೊರಡು ಎನ್ನಲಿಲ್ಲ.

ಮೇ 3, ಶುಕ್ರವಾರ

ಸಿಮೆಲಾಳಿಗೆ ಬೆಳಿಗ್ಗೆ ಹೇಳಿದೆ. ಕೈಯಲ್ಲಿದ್ದ ಸೌಟನ್ನು ಗೋಡೆಗೆ ಎಸೆದಳು. "ಮೂವತ್ತೊಂದು ಮನೆಯ ಕುತ್ತಿಗೇನ ಅವನ ಕೈಗೆ ಕೊಟ್ಟು ಬಂದ್ರಲ್ಲಾ! ಇನ್ನು ಹದಿನೇಳು ದಿನ ಬಾಯಿ ಮುಚ್ಕೊಂಡಿರೋಕೆ ಆಗಲಿಲ್ವಾ ನಿಮಗೆ?"

ಅವಳು ಹೇಳುವುದು ಸರಿ. ಹದಿನೇಳು ದಿನ ಏನು ಮಹಾ? ಹದಿನೆಂಟು ವರ್ಷ ಇದ್ದವನು ನಾನು.

ಮಧ್ಯಾಹ್ನ ಮಸೀದಿಗೆ ಹೋಗಿ ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದೆ. ರಂಜಾನಿನಲ್ಲಿ ಊರೂರು ಸುತ್ತುವ ಎರ್ಜುರುಮಿನ ಮೌಲ್ವಿಯೊಬ್ಬ ಮೂರು ದಿನದಿಂದ ಇಲ್ಲಿದ್ದಾನೆ, ಹಬ್ಬದವರೆಗೂ ಇರುತ್ತಾನೆ. ಅವನನ್ನು ಮುಂದೆ ನಿಲ್ಲಿಸಿ ನಾನು ಹಿಂದಿನ ಸಾಲಿನಲ್ಲಿ ನಿಂತೆ. ಇದ್ರಿಸ್ ಬಂದಿರಲಿಲ್ಲ. ಒಂಬತ್ತು ಮನೆಯ ಮುದುಕ ರೆಶಿತ್ ನನಗೆ ಜೇನುತುಪ್ಪ ಕಳಿಸಿದ್ದಾನೆ, ಗಂಟಲಿಗೆ ಒಳ್ಳೆಯದಂತೆ.

ಮೇ 6, ಸೋಮವಾರ

ಇದ್ರಿಸನ ಗಿರಣಿಗೆ ಬೀಗ. ಗುಮುಷ್‌ಖಾನೆಗೆ ಹೋದನಂತೆ. ಅಲ್ಲಿ ಫೌಜುದಾರನ ಕಚೇರಿಯಿದೆ.

ಸಿಮೆಲಾ ನೆಲಮಾಳಿಗೆಯ ದೀಪ, ಪಟ ಎಲ್ಲ ಕಿತ್ತು ಹುಲ್ಲಿನ ಬಣವೆಯಲ್ಲಿ ಹುಗಿದಿದ್ದಾಳೆ. ನನ್ನ ಜೊತೆ ಮಾತಿಲ್ಲ. ಊರಲ್ಲಿ ಬೇರೆ ಯಾರಿಗೂ ನಾನು ಮಾಡಿದ್ದು ಗೊತ್ತಿಲ್ಲ. ದಾರಿಯಲ್ಲಿ ಕುದುರೆ ಸದ್ದು ಕೇಳಿದರೆ ಎದ್ದು ಹೋಗಿ ಬಾಗಿಲ ಸಂದಿಯಿಂದ ನೋಡುತ್ತೇನೆ.

ಮೇ 9, ಗುರುವಾರ

ಇದ್ರಿಸ್ ಮರಳಿ ಬಂದಿದ್ದಾನೆ. ಹಿಂದೆ ಯಾವ ಸಿಪಾಯಿಯೂ ಇಲ್ಲ.

ಎರಡು ಸಲ ಗಿರಣಿಯ ಬಾಗಿಲವರೆಗೆ ಹೋಗಿ ಬಂದೆ. ಮೂರನೆಯ ಸಲ ಅವನೇ ಹೊರಗೆ ಬಂದ. ಕಣ್ಣು ಕೆಂಪಗಿತ್ತು. ಬಾಗಿಲಿಗೆ ಅಡ್ಡಲಾಗಿ ನಿಂತೇ ಮಾತಾಡಿದ.

"ಮುಫ್ತಿಗಳ ಹತ್ರ ಹೋಗಿದ್ದೆ, ಧರ್ಮದ ತೀರ್ಪು ಕೇಳೋಕೆ. ನಿಮ್ಮ ಹೆಸರು ಹೇಳಲಿಲ್ಲ, ಊರ ಹೆಸರೂ ಹೇಳಲಿಲ್ಲ. ಹೀಗೊಬ್ಬ ಇದ್ದ ಅಂತ ಕಥೆ ಹಾಗೆ ಕೇಳಿದೆ."

"ಏನಂದ್ರು?"

"ಅಂಥವನ ಹಿಂದೆ ಮಾಡಿದ್ದು ಆಗಿಲ್ಲ, ಎಲ್ಲಾನೂ ಮತ್ತೆ ಮಾಡು ಅಂದ್ರು."

"ಹದಿನೆಂಟು ವರ್ಷದ್ದಾ? ಐದು ಹೊತ್ತಿಂದೂ?"

"ನೀವು ಯಾವುದಾದ್ರೂ ಹೊತ್ತು ತಪ್ಪಿಸಿದ್ರಾ?"

ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ ಬಾಂಗು ಕೊಟ್ಟಿದ್ದೇನೆ.

"ಜನಾಜಾ?" ಎಂದು ಕೇಳುವ ಧೈರ್ಯ ಹೇಗೆ ಬಂತೋ.

"ಮಣ್ಣಾದೋರನ್ನ ಎಬ್ಬಿಸೋಕಾಗಲ್ಲ. ದೇವರ ದಯೆ ಅಂದ್ರು." ಒಳಗೆ ಹೋಗುತ್ತ ತಿರುಗಿದ. "ಹೆದರ್ಕೊಬೇಡಿ. ನಾನು ಯಾರಿಗೂ ಹೇಳಲ್ಲ. ಹೇಳಿದ್ರೆ ರೆಶಿತಜ್ಜನಂಥ ಮುದುಕರು ರಂಜಾನಿನಲ್ಲಿ ಎದೆ ಒಡ್ಕೊಂಡು ಸಾಯ್ತಾರೆ. ನಿಮಗೋಸ್ಕರ ಅಲ್ಲ."

ಸಂಜೆಯವರೆಗೂ ಗಿರಣಿ ತಿರುಗಲಿಲ್ಲ. ನಮ್ಮ ಹಿತ್ತಲಿನಿಂದ ಕಾಣುತ್ತದೆ: ಹೊಳೆಯ ಪಕ್ಕದ ಬಂಡೆಯ ಮೇಲೆ ಅವನು ನಿಲ್ಲುತ್ತಾನೆ, ಬಾಗುತ್ತಾನೆ, ಹಣೆ ಊರುತ್ತಾನೆ, ಮತ್ತೆ ನಿಲ್ಲುತ್ತಾನೆ. ಸಿಮೆಲಾಳೂ ನೋಡಿದಳು. ಆಮೇಲೆ ಹಿತ್ತಲಿನ ಬಟ್ಟೆಗಳನ್ನು ತೆಗೆದು ಮುಂದುಗಡೆ ಒಣಹಾಕಿದಳು.

ಮೇ 13, ಸೋಮವಾರ

ರಂಜಾನ್ ಹಬ್ಬ. ಸಿಹಿ ತಿಂದೆ. ರುಚಿ ಗೊತ್ತಾಗಲಿಲ್ಲ. ಮೂವತ್ತು ದಿನವೂ ಹಗಲು ನನ್ನ ಹೊಟ್ಟೆ ಕೆಟ್ಟಿತ್ತು. ಇವತ್ತು ಸರಿಯಾಗಿದೆ.

ಮೇ 19, ಭಾನುವಾರ

ನಾಳೆ ಹೊರಡುತ್ತೇವೆ. ಮಸೀದಿಯ ಕೀಲಿಯನ್ನು ಯಾರಿಗೆ ಕೊಡುವುದು? ರೆಶಿತಜ್ಜನಿಗೆ ಕೊಟ್ಟರೆ ಯಾಕೆ ಎಂದು ಕೇಳುತ್ತಾನೆ. ಗಿರಣಿಗೆ ಹೋದೆ. ಇದ್ರಿಸ್ ಬಂಡೆಯ ಮೇಲಿದ್ದ. ಬಾಗಿಲ ಮೊಳೆಗೆ ಕೀಲಿ ತೂಗುಹಾಕಿ ಬಂದೆ. ಅದಕ್ಕೆ ಮೊದಲು ಮಸೀದಿಯೊಳಗೆ ಹೋಗಿ ಕಸ ಗುಡಿಸಿದೆ, ಚಾಪೆ ಕೊಡವಿದೆ, ಈ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಂಡೆ. ನೀರಿನ ಹೂಜಿಗಳನ್ನು ತುಂಬಿಸಿಟ್ಟೆ. ಯಾಕೆ ಇದೆಲ್ಲ ಎಂದರೆ ಅಭ್ಯಾಸ.

ಮೇ 23, ಗುರುವಾರ, ತ್ರಾಬ್ಜೋನ್

ಮೂರು ದಿನ ನಡೆದು ನಿನ್ನೆ ಸಂಜೆ ಮುಟ್ಟಿದೆವು. ಕಾಲಲ್ಲಿ ಬೊಬ್ಬೆ.

ಇವತ್ತು ಬೆಳಿಗ್ಗೆ ಊರ ಮೇಲಿನ ಕ್ರೈಸ್ತ ಮಠದಲ್ಲಿ ಪೂಜೆ. ಗಂಟೆ ಬಾರಿಸುತ್ತಾರೆ, ಜೋರಾಗಿ, ಇಡೀ ಪಟ್ಟಣಕ್ಕೆ ಕೇಳುವಂತೆ. ನಮ್ಮವರೆಲ್ಲ ಅಳುತ್ತಿದ್ದರು. ನೆಲಮಾಳಿಗೆಯಲ್ಲಿ ಪಿಸುಗುಟ್ಟಿದ್ದ ಪ್ರಾರ್ಥನೆಯನ್ನು ಹಗಲು ಬೆಳಕಿನಲ್ಲಿ ಇನ್ನೂರು ಜನ ಒಟ್ಟಿಗೆ ಹಾಡುವುದನ್ನು ಕೇಳಿ ನನಗೂ ಮೈ ಜುಮ್ಮೆಂದಿತು. ಇದು ನಿಜ, ಇದನ್ನು ಬರೆದಿಡಬೇಕು. ಆದರೆ ನಡುವೆ ಪಕ್ಕದವನು ನನ್ನ ಪಕ್ಕೆಗೆ ತಿವಿದ. ನೋಡಿದರೆ ಎಲ್ಲರೂ ನೆಟ್ಟಗೆ ನಿಂತಿದ್ದಾರೆ, ನಾನೊಬ್ಬನೇ ಮಂಡಿಯ ಮೇಲೆ ಕೈಯಿಟ್ಟು ಸೊಂಟ ಬಾಗಿಸಿ ನಿಂತಿದ್ದೇನೆ. ಮೂರು ದಿನ ನಡೆದ ಸುಸ್ತು.

ಹೆಸರು ಬರೆಯುವವನು ಕನ್ನಡಕದ ಮುದುಕ.

"ಹೆಸರು?"

"ಯಾಕುಪ್."

"ಅದನ್ನ ಬಿಡೋಕೆ ತಾನೇ ಬಂದಿರೋದು? ಇನ್ನೊಂದು ಹೇಳಪ್ಪಾ."

"ಪಂತೆಲೀಸ್."

"ಉದ್ಯೋಗ?"

"ಇಮಾಮ."

ಮುದುಕ ಲೇಖನಿ ಎತ್ತಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. "ರೈತ ಅಂತ ಬರೀತೀನಿ" ಎಂದ. ಆಮೇಲೆ ನೋಡಿದರೆ "ಯಾಕುಪ್ ಎಂಬ ಪಂತೆಲೀಸ್" ಎಂದು ಎರಡನ್ನೂ ಬರೆದಿದ್ದಾನೆ. ಎಲ್ಲರಿಗೂ ಹಾಗೇ. ಕಚೇರಿಯವರು ಹಳೆಯ ಪಟ್ಟಿಗೆ ತಾಳೆ ನೋಡಬೇಕಂತೆ, ಸೈನ್ಯಕ್ಕೆ ಕರೆಯುವುದಾದರೆ ಹಳೆಯ ಹೆಸರಿನಲ್ಲೇ ಕರೆಯುತ್ತಾರಂತೆ. ಒಂದು ಹೆಸರು ಬಿಡಲೆಂದು ಬಂದು ಎರಡನ್ನೂ ಗಟ್ಟಿಮಾಡಿಕೊಂಡು ಹೋಗುತ್ತಿದ್ದೇವೆ.

ಲಾಂಬೋನ ಹೆಸರು ಹೇಳಿದೆ. "ವಯಸ್ಸು?" ಎಂದ. ಆರು ಎಂದೆ. ಎಲ್ಲಿದ್ದಾನೆ ಎಂದ. ಹೇಳಿದೆ. ಮುದುಕ ಕನ್ನಡಕ ತೆಗೆದು ಒರೆಸಿಕೊಂಡ. "ಇದು ಬದುಕಿರೋರ ಪಟ್ಟಿ ಮಗಾ" ಎಂದ.

ಮೇ 28, ಮಂಗಳವಾರ

ಊರಿಗೆ ಬಂದಾಗ ಸುದ್ದಿ ನಮಗಿಂತ ಮುಂಚೆ ಬಂದಿತ್ತು. ರೆಶಿತಜ್ಜ ಹಾದಿಯಲ್ಲಿ ಎದುರಾದ. ನನ್ನ ಕಾಲ ಬುಡಕ್ಕೆ ಉಗಿದ. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಮಗುವಿನ ಹಾಗೆ ಅತ್ತ. ಉಗಿದದ್ದನ್ನು ತಡೆದುಕೊಂಡೆ. ಅಳುವುದನ್ನು ನೋಡುತ್ತ ನಿಲ್ಲಲಾಗಲಿಲ್ಲ.

ಸಿಮೆಲಾ ಕೇಳಿದ್ದು ಒಂದೇ ಮಾತು: "ಬರೆಸಿದ್ರಾ?" ಇಲ್ಲ ಎಂದೆ. ಬೈಯಲಿಲ್ಲ. ತಲೆಯಾಡಿಸಿ ಕಾಲು ತೊಳೆಯಲು ಬಿಸಿನೀರು ಇಟ್ಟಳು.

ಜೂನ್ 1, ಶನಿವಾರ

ಬೆಳಿಗ್ಗೆ ಸಿಮೆಲಾ ಗೋಧಿ ಬೇಯಿಸಿ ಒಣದ್ರಾಕ್ಷಿ, ವಾಲ್‌ನಟ್ ಬೆರೆಸಿ ತಟ್ಟೆಗೆ ಹಾಕಿದಳು. ನಮ್ಮಲ್ಲಿ ತೀರಿಕೊಂಡವರ ಹೆಸರಿನಲ್ಲಿ ಹಂಚುವುದು. "ಬನ್ನಿ" ಎಂದಳು. ಇಬ್ಬರೂ ಸ್ಮಶಾನಕ್ಕೆ ಹೋದೆವು. ನೀರು ತರುವ ಹೊತ್ತು. ಒಂಬತ್ತು ಮನೆಯ ಹೆಂಗಸರು ಕೊಡ ಹೊತ್ತು ಕೆಳಗಿನ ಹಾದಿಯಲ್ಲಿ ಬರುತ್ತಿದ್ದರು.

ಅವಳು ಕಲ್ಲಿನ ಮುಂದೆ ನಿಂತು ತಲೆವಸ್ತ್ರ ಬಿಗಿದುಕೊಂಡಳು. ದೂರದಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಕೂಗಿದಳು:

"ಲಾಂಬೋ! ಏ ಲಾಂಬೋ! ಅಮ್ಮ ಕಣೋ!"

ಎದುರು ಗುಡ್ಡ ಹೆಸರನ್ನು ತಿರುಗಿ ಹೇಳಿತು. ಹೆಂಗಸರು ನಿಂತುಬಿಟ್ಟರು. ಮೂರು ಸಲ ಕೂಗಿದಳು. ಮೂರನೆಯದು ಪೂರ್ತಿ ಬರಲಿಲ್ಲ.

ಇಬ್ಬರು ಹೆಂಗಸರು ಬೇರೆ ದಾರಿ ಹಿಡಿದು ಹೋದರು. ಇದ್ರಿಸನ ಹೆಂಡತಿ ಎಮಿನೆ ಮಾತ್ರ ಕೊಡ ಇಳಿಸಿ ಮೇಲೆ ಬಂದಳು. ಗಂಟಲು ಬೇನೆಯ ಆ ಮೂರು ದಿನವೂ ಸಿಮೆಲಾಳ ಜೊತೆ ಕೂತಿದ್ದವಳು ಅವಳು. ಬಂದು ಕಲ್ಲನ್ನು ಅಂಗೈಯಿಂದ ಸವರಿದಳು.

"ನಾನೂ ಅವನನ್ನ ಲುತ್ಫಿ ಅಂತಲೇ ಕರೆದಿದ್ದೆ ಅಲ್ವೇ ಅಕ್ಕಾ" ಎಂದಳು. "ನನಗೆ ಯಾರೂ ಹೇಳಿರಲಿಲ್ಲ."

ಸಿಮೆಲಾ ತಟ್ಟೆ ಮುಂದೆ ಹಿಡಿದಳು. ಎಮಿನೆ ಆಚೆ ಈಚೆ ನೋಡಿ ಒಂದು ಹಿಡಿ ಗೋಧಿ ತೆಗೆದುಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಮುಷ್ಟಿ ಮುಚ್ಚಿಕೊಂಡೇ ಇಳಿದುಹೋದಳು.

ನಾನೂ ಪ್ರಾರ್ಥನೆ ಹೇಳಿದೆ. ಅರ್ಧ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಿತು. ಯಾವುದು ಮೊದಲು ಬಂತು ಎಂದು ಈಗ ನೆನಪು ಮಾಡಿಕೊಂಡರೆ ಹೊಳೆಯುತ್ತಿಲ್ಲ.

ಜೂನ್ 7, ಶುಕ್ರವಾರ

ಮಧ್ಯಾಹ್ನ ಕೈಗೆ ಕೆಲಸವಿಲ್ಲ. ಸುಮ್ಮನೆ ಕೈಕಾಲು ಮುಖ ತೊಳೆದು ಕೂತಿದ್ದೆ. ಸಿಮೆಲಾ ನೋಡಿ, "ಇವತ್ತು ಎಷ್ಟನೇ ಸಲ ತೊಳ್ಕೋತಿದೀರಿ?" ಎಂದಳು. ಸೆಕೆ ಎಂದೆ.

ಜೂನ್ 14, ಶುಕ್ರವಾರ

ಗುಮುಷ್‌ಖಾನೆಯಿಂದ ಹೊಸ ಇಮಾಮ ಇನ್ನೂ ಬಂದಿಲ್ಲ. ಎರ್ಜುರುಮಿನವನು ಹಬ್ಬದ ಮರುದಿನವೇ ಹೋದ. ಇವತ್ತು ಬಾಂಗು ಕೊಟ್ಟದ್ದು ಇದ್ರಿಸ್. ಬೀಸುವ ಕಲ್ಲಿನ ದನಿ, ಇಳಿಯುವ ಕಡೆ ಏರಿಸುತ್ತಾನೆ. ಗುದ್ದಲಿ ಕೆಳಗಿಟ್ಟು ನಡೆದೆ. ಒಳಗೆ ಹೋಗುವುದಿಲ್ಲ, ಹೊರಗೋಡೆಯ ನೆರಳಿನಲ್ಲಿ ಸ್ವಲ್ಪ ಕೂತು ಬರುತ್ತೇನೆ ಎಂದುಕೊಂಡೆ. ನೆರಳು ಯಾರಪ್ಪನ ಸೊತ್ತೂ ಅಲ್ಲ.

ಒಳಗೆ ಹನ್ನೊಂದು ಗಂಡಸರಿದ್ದರು. ಇಷ್ಟು ದಿನ ತುಂಬಿರುತ್ತಿದ್ದ ಮಸೀದಿಯಲ್ಲಿ ಹನ್ನೊಂದು ಜನರ ಮಂಡಿ ಊರುವ ಸದ್ದು ಬೇರೆಯೇ ಕೇಳಿಸುತ್ತದೆ. ಇದ್ರಿಸ್ ಮುಂದೆ ನಿಂತು ಗಟ್ಟಿಯಾಗಿ ಓದತೊಡಗಿದ. ಕುರಾನಿನ ಮೊದಲ ಅಧ್ಯಾಯ ಸರಿಯಾಗಿ ಹೋಯಿತು. ಅದರ ಮೇಲೆ ಒಂದು ಪುಟ್ಟ ಅಧ್ಯಾಯ ಹಿಡಿದ. ನಾನೇ ಕಲಿಸಿದ್ದು. ಎರಡು ಸಾಲು ಹೇಳಿ ಮೂರನೆಯದಕ್ಕೆ ನಿಂತುಬಿಟ್ಟ.

ಮತ್ತೆ ಮೊದಲಿನಿಂದ ಹಿಡಿದ. ಅಲ್ಲೇ ನಿಂತ.

ಹಿಂದೆ ನಿಂತವರಿಗೆ ಯಾರಿಗೂ ಬರುವುದಿಲ್ಲ. ರೆಶಿತಜ್ಜನಿಗೆ ಬರುತ್ತಿತ್ತು, ಈಗ ಕಿವಿ ಕೇಳುವುದಿಲ್ಲ. ಸಾಲಿನ ಹೊರಗಿನವನು ಹೇಳಿಕೊಟ್ಟದ್ದನ್ನು ಇಮಾಮ ತೆಗೆದುಕೊಂಡರೆ ನಮಾಜು ಮುರಿಯುತ್ತದೆ. ಇದನ್ನು ಇಡೀ ಊರಿಗೆ ಕಲಿಸಿದವನೂ ನಾನೇ. ಬಾಯಿಗೆ ಅಂಗೈ ಒತ್ತಿಕೊಂಡು ಕೂತೆ. ಒಳಗೆ ಯಾರೋ ಕೆಮ್ಮಿದರು. ಮೂರನೆಯ ಸಲ ಹಿಡಿದ, ಮೂರನೆಯ ಸಲವೂ ನಿಂತ. ಅವನ ಉಸಿರು ಗೋಡೆಯಾಚೆಗೂ ಕೇಳುತ್ತಿತ್ತು.

ಹೇಳಿಬಿಟ್ಟೆ. ಮೂರನೆಯ ಸಾಲನ್ನು ಕಿಟಕಿಯ ಹತ್ತಿರ ಮುಖ ಮಾಡಿ, ಮೆಲ್ಲಗೆ ಅಲ್ಲ, ಹೇಗೆ ಹೇಳಬೇಕೋ ಹಾಗೆ, ಎಳೆಯಬೇಕಾದಲ್ಲಿ ಎಳೆದು.

ನಾನು ಎದ್ದು ಓಡಬೇಕೆಂದುಕೊಂಡೆ. ಅಷ್ಟರಲ್ಲಿ ಇದ್ರಿಸನ ದನಿ ಅದೇ ಸಾಲನ್ನು ಎತ್ತಿಕೊಂಡಿತು, ಮುಂದಿನದಕ್ಕೆ ಹೋಯಿತು, ಕೊನೆ ಮುಟ್ಟಿತು.

ಎಲ್ಲರೂ ನನ್ನ ಕಡೆ ನೋಡದೆ ಹೋದರು. ಇದ್ರಿಸ್ ಕೊನೆಗೆ ಬಂದ. ಹೊಸಲಿನ ಮೇಲೆ ಕೂತು ಚಪ್ಪಲಿಯ ಬಾರು ಎಳೆದ. ಬಹಳ ಹೊತ್ತು ಎಳೆದ.

"ಈ ನಮಾಜೂ ಹೋಯ್ತು" ಎಂದ. "ಇದನ್ನೂ ಮತ್ತೆ ಮಾಡಬೇಕು."

"ಮತ್ಯಾಕೆ ತಗೊಂಡೆ?"

"ಇನ್ನೇನ್ ಮಾಡ್ಲಿ? ಅಲ್ಲೇ ನಿಂತಿರ್ಲಾ ಸಾಯೋವರೆಗೂ?"

"ಇದ್ರಿಸ್, ನಿಮ್ಮಪ್ಪನ ದಿನ ನಾನು ಅತ್ತಿದ್ದು ವೇಷ ಅಲ್ಲ."

"ಗೊತ್ತು." ಎದ್ದು ನಿಂತ. ಮಾಡಿನ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. "ಅಳೋದು ನಮಾಜಲ್ಲ ಹೋಜಾ."

ನಾಲ್ಕು ಹೆಜ್ಜೆ ಹೋದವನು ನಿಂತ.

"ನಾಳೆ ಬೆಳಿಗ್ಗೆ ಗಿರಣಿಗೆ ಬಾ. ಅಲ್ಲಿಂದ ಮುಂದಿಂದು ನನಗೆ ಬಾಯಿಗೆ ಬರೋ ಹಾಗೆ ಮಾಡು. ಬರೋ ಶುಕ್ರವಾರ ನೀನು ಈ ಗೋಡೆ ಹತ್ರ ಸುಳಿಯಕೂಡದು."

ಮನೆಗೆ ಬಂದು ಸಿಮೆಲಾಳಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ತಲೆಯೆತ್ತಲಿಲ್ಲ. "ಹೋಗಿ. ಬರೋವಾಗ ಅರ್ಧ ಮೂಟೆ ಜೋಳ ಬೀಸಿಸ್ಕೊಂಡು ಬನ್ನಿ" ಎಂದಳು.

ಬೆಳಿಗ್ಗೆ ಬೇಗ ಏಳಬೇಕು. ಮೂರನೆಯ ಸಾಲಿನಲ್ಲಿ ಅವನು ಮೊದಲಿನಿಂದಲೂ ಉಸಿರು ತಪ್ಪಿಸುತ್ತಾನೆ. ಅಲ್ಲಿಂದಲೇ ಶುರುಮಾಡಬೇಕು.